ಸೈಕಲ್ ಅಂಗಡಿಯಿಂದ ಹೆಸರು ಪಡೆದ ಕಿರ್ಲೋಸ್ಕರ್ ರಸ್ತೆ: ಕಾರ್ಖಾನೆ ಮಾತ್ರ ಬೆಳಗಾವಿಗೆ ದಕ್ಕಲಿಲ್ಲ

ಬೆಳಗಾವಿ: ಹಬ್ಬ ಬಂತೆಂದರೆ ಪೇಟೆಯ ಕಿರ್ಲೋಸ್ಕರ್ ರಸ್ತೆಯಲ್ಲಿ ಬೈಕ್ ನಿಲ್ಲಿಸೋಕೂ ಜಾಗ ಸಿಗಲ್ಲ. ಈ ರಸ್ತೆಗೆ ಆ ಹೆಸರು ಬಂದಿದ್ದು ಇಲ್ಲಿದ್ದ ಒಂದು ಸೈಕಲ್ ಅಂಗಡಿಯಿಂದ. ಅಂಗಡಿ ಇಟ್ಟವರು ಲಕ್ಷ್ಮಣರಾವ್ ಕಿರ್ಲೋಸ್ಕರ್.

ಹೊರಗಿನವರಲ್ಲ, ನಮ್ಮ ಜಿಲ್ಲೆಯ ಗುರ್ಲಹೊಸೂರಿನವರೇ. ಹುಟ್ಟಿದ್ದು 1869ರ ಜೂನ್ 20ರಂದು. ಓದಿನಲ್ಲಿ ಅಷ್ಟಕ್ಕಷ್ಟೇ. ಚಿತ್ರ ಬಿಡಿಸೋದು, ಯಂತ್ರ ಬಿಚ್ಚಿ ನೋಡೋದು ಅಂದ್ರೆ ಪ್ರಾಣ. ಮುಂಬೈನ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕೆಲವು ಬಣ್ಣಗಳ ವ್ಯತ್ಯಾಸ ಕಣ್ಣಿಗೆ ತಿಳಿಯದ ದೋಷವಿದ್ದ ಕಾರಣ ಚಿತ್ರಕಲೆ ಬಿಡಬೇಕಾಯಿತು. ಯಂತ್ರಗಳ ನಕ್ಷೆ ಬರೆಯೋದು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರಾದರು.

1888ರಲ್ಲಿ ಅಣ್ಣ ರಾಮಚಂದ್ರರಾವ್ ಜತೆ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಶುರುವಾಯಿತು. ಮುಂಬೈನಲ್ಲಿ ತಮ್ಮ ಖರೀದಿ ಮಾಡೋದು, ಇಲ್ಲಿ ಅಣ್ಣ ಮಾರೋದು. ಸೈಕಲ್ ಕೊಂಡವನಿಗೆ ಅದನ್ನು ಹೊಡೆಯೋಕೆ ಬರಬೇಕಲ್ಲ? ಅದಕ್ಕೆ 15 ರೂಪಾಯಿ ಫೀ ಇಟ್ಟು ಕಲಿಸುತ್ತಿದ್ದರು. ಆ ಕಾಲಕ್ಕೆ ಅದೇನು ಚಿಲ್ಲರೆ ದುಡ್ಡಲ್ಲ. ಮುಂದೆ ನೌಕರಿಯಲ್ಲಿ ಬಡ್ತಿ ಕೈತಪ್ಪಿದಾಗ ಲಕ್ಷ್ಮಣರಾವ್ ರಾಜೀನಾಮೆ ಕೊಟ್ಟು ಊರ ಕಡೆ ಬಂದೇಬಿಟ್ಟರು.

ಸೈಕಲ್ ಮಾರುತ್ತಲೇ ಕಣ್ಣು ರೈತರ ಮೇಲೆ ಬಿತ್ತು. ಸಣ್ಣ ಕಾರ್ಖಾನೆಯಲ್ಲಿ ಮೊದಲು ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ತಯಾರಾದವು. ನೇಗಿಲೇನೋ ಗಟ್ಟಿಯಾಗಿತ್ತು, ಗಿರಾಕಿಗಳೇ ಇಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ ಅನ್ನೋ ನಂಬಿಕೆ ಜನರಲ್ಲಿತ್ತು. ಮೊದಲ ನೇಗಿಲುಗಳನ್ನು ಮಾರೋಕೆ ಎರಡು ವರ್ಷ ಹಿಡೀತು. ಮಾಲು ಹೋಗದೆ ಕಪಾಟಿನಲ್ಲೇ ಕೂತರೆ ಹೊಟ್ಟೆ ಹೇಗೆ ಉರಿಯುತ್ತೆ ಅನ್ನೋದು ಅಂಗಡಿ ಇಟ್ಟವರಿಗೇ ಗೊತ್ತು.

ವ್ಯಾಪಾರ ಕುದುರುವ ಹೊತ್ತಿಗೆ ಇನ್ನೊಂದು ಪೆಟ್ಟು. ಊರಿಗೆ ಹೊಸ ಬಡಾವಣೆ ಮಾಡಬೇಕು, ಜಾಗ ಖಾಲಿ ಮಾಡಿ ಅಂತ ಪುರಸಭೆ ಹೇಳಿತು. ಬಡಾವಣೆಯೇನೋ ಬೇಕಿತ್ತು. ಆದರೆ ಕಾರ್ಖಾನೆಗೆ ಬೇರೆ ಮೂಲೆ ಸಿಗದಷ್ಟು ಬೆಳಗಾವಿ ಅಂದು ಚಿಕ್ಕದಾಗಿತ್ತೇ?

ಕೈಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಸಾಲವನ್ನೂ ಕೊಟ್ಟರು, ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ ಜಾಗವನ್ನೂ ಕೊಟ್ಟರು. ಅದು ಪಾಪಾಸುಕಳ್ಳಿ ಬೆಳೆದ, ಹಾವು ಹರಿದಾಡುವ ಬರಡು ನೆಲ. 1910ರಲ್ಲಿ ಕೆಲಸಗಾರರು, ಅವರ ಮನೆಮಂದಿ ಸಮೇತ ಅಲ್ಲಿಗೆ ಹೋಗಿ, ಕಳ್ಳಿ ಕಡಿದು ಕಟ್ಟಿದ್ದೇ ಕಿರ್ಲೋಸ್ಕರವಾಡಿ. ಈಗ ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಅಲ್ಲಿ ಅಸ್ಪೃಶ್ಯತೆಗೆ ಅವಕಾಶ ಕೊಡಲಿಲ್ಲ ಅನ್ನೋದನ್ನೂ ಹೇಳಲೇಬೇಕು.

ಕಿರ್ಲೋಸ್ಕರ್ ಮನೆತನದ ಉದ್ಯಮ 1941ರಲ್ಲಿ ಮತ್ತೆ ಕನ್ನಡ ನೆಲಕ್ಕೆ ಬಂತು, ಆದರೆ ಬೆಳಗಾವಿಗಲ್ಲ, ಹರಿಹರಕ್ಕೆ. ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರ ತಯಾರಿಸಿತು. ಲಕ್ಷ್ಮಣರಾವ್ ತೀರಿಕೊಂಡಿದ್ದು 1956ರ ಸೆಪ್ಟೆಂಬರ್ 26ರಂದು.