ಶಂಕರ್ ನಾಗ್ ಮತ್ತು ಒಂದು ಕ್ಯಾಸೆಟ್ಟು

ನಮ್ಮೂರಿನ ಆಟೋರಿಕ್ಷಾಗಳ ಬೆನ್ನಿನ ಮೇಲೆ ಇಂದಿಗೂ ಶಂಕರ್ ನಾಗ್ ಅವರ ಚಿತ್ರವನ್ನು ಕಾಣಬಹುದು. ಅದನ್ನು ದಿನವೂ ನೋಡುವ ವಿದ್ಯಾರ್ಥಿಮಿತ್ರರಲ್ಲಿ ಅನೇಕರು ಅವರನ್ನು ‘ಆಟೋ ರಾಜ’ನೆಂದಷ್ಟೇ ಬಲ್ಲರು. ನನಗೆ ಅವರು ನೆನಪಾಗುವುದು ಬೇರೊಂದು ಕಾರಣದಿಂದ.

1954ರ ನವೆಂಬರ್ 9ರಂದು ಉತ್ತರ ಕನ್ನಡದ ಹೊನ್ನಾವರದ ಸೀಮೆಯಲ್ಲಿ ಜನಿಸಿದ ಅವರು, ತಾರುಣ್ಯದಲ್ಲಿ ಮುಂಬಯಿಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರವು ಅವರನ್ನು ಕನ್ನಡಕ್ಕೆ ಕರೆತಂದಿತು. 1980ರಲ್ಲಿ ‘ಮಿಂಚಿನ ಓಟ’ವನ್ನು ತಾವೇ ನಿರ್ದೇಶಿಸಿದರು. ಅವರು ಅಭಿನಯಿಸಿದ ಚಿತ್ರಗಳ ಪಟ್ಟಿಯನ್ನು ಇಲ್ಲಿ ಕೊಡಲಾರೆ; ಅವುಗಳಲ್ಲಿ ಕೆಲವು ಅವರ ಯೋಗ್ಯತೆಗೆ ತಕ್ಕವಲ್ಲವೆಂದು ಹೇಳಲು ನನಗೆ ಸಂಕೋಚವಿಲ್ಲ.

ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದರಾಸಿಗೆ ಓಡುವುದು ಒಂದು ಕಾಲದ ವಾಡಿಕೆ. ಆ ಕೆಲಸ ನಮ್ಮಲ್ಲಿಯೇ ಆಗಲೆಂದು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋವನ್ನು ಕಟ್ಟಿದವರು ಅವರು. ಆಮೇಲೆ ಆರ್. ಕೆ. ನಾರಾಯಣರ ಕಥೆಗಳನ್ನು ಆಗುಂಬೆಗೆ ಒಯ್ದು, ಮಲೆನಾಡಿನ ಆ ಮಳೆಯೂರನ್ನೇ ಮಾಲ್ಗುಡಿಯನ್ನಾಗಿ ಮಾಡಿದರು. ಟಿ. ಎಸ್. ನರಸಿಂಹನ್ ನಿರ್ಮಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬರತೊಡಗಿದಾಗ, ಮಾಸ್ಟರ್ ಮಂಜುನಾಥನ ಸ್ವಾಮಿಯನ್ನು ಕಾಣಲು ಟೀವಿಯಿದ್ದ ಮನೆಗಳಲ್ಲಿ ನೆರೆಹೊರೆಯವರೆಲ್ಲ ನೆರೆಯುತ್ತಿದ್ದರು.

ಆಗ ನಾನು ಮೂಡಲಪಾಳ್ಯದ ಒಂದು ವೀಡಿಯೋ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮೂಡಲಪಾಳ್ಯ ಅಂದು ಅರ್ಧ ಹಳ್ಳಿ, ಅರ್ಧ ಬಡಾವಣೆ. ಮದುವೆಗಳನ್ನು ಚಿತ್ರೀಕರಿಸುವುದು ನಮ್ಮ ಕಸುಬು. ಹೆಗಲು ನೋಯಿಸುವ ಕ್ಯಾಮೆರಾ, ಕಣ್ಣು ಕುಕ್ಕುವ ದೀಪ. ಆಮೇಲೆ ಎರಡು ವಿ.ಸಿ.ಆರ್.ಗಳಿಗೆ ತಂತಿ ಕಟ್ಟಿ, ಒಂದರಿಂದ ಬೇಕಾದ ತುಣುಕುಗಳನ್ನು ಇನ್ನೊಂದಕ್ಕೆ ಸಾಲಾಗಿ ಇಳಿಸುವುದು. ನಡುವೆ ಧಾರೆಯ ದೃಶ್ಯವೊಂದು ಬಿಟ್ಟುಹೋದರೆ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಇಳಿಸಬೇಕು. ಪ್ರತಿಗೆ ಪ್ರತಿ ತೆಗೆದಷ್ಟೂ ಬಣ್ಣ ಕದಡಿ ಮುಖಗಳು ಮಸುಕಾಗುತ್ತಿದ್ದವು.

ನಮ್ಮ ಯಜಮಾನರು ‘ಮಾಲ್ಗುಡಿ’ಯ ಕಂತುಗಳನ್ನು ಟೀವಿಯಿಂದ ಮೂರು ಗಂಟೆಯ ಒಂದು ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರು. ಅದರ ಬೆನ್ನಿನ ಅಂಚಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದೂ ಇಟ್ಟಿದ್ದರು. ಆ ಚೂರು ಮುರಿದರೆ ಯಂತ್ರವು ಅದರ ಮೇಲೆ ಮತ್ತೆ ಏನನ್ನೂ ಮುದ್ರಿಸದು. ಒಂದು ದಿನ ಮುಹೂರ್ತಕ್ಕೆ ಹೊತ್ತಾಯಿತು, ಹೊಸ ಕ್ಯಾಸೆಟ್ಟು ಅಂಗಡಿಯಲ್ಲಿ ಒಂದೂ ಇಲ್ಲ. ನಾನು ಆ ತೂತಿನ ಮೇಲೆ ಸೆಲೋಟೇಪು ಅಂಟಿಸಿ ಅದನ್ನೇ ಕ್ಯಾಮೆರಾಕ್ಕೆ ಹಾಕಿದೆ. ಯಜಮಾನರಿಗೆ ಹೇಳಲಿಲ್ಲ. ಮದುವೆಯವರ ಪ್ರತಿಯನ್ನು ಕೊಟ್ಟ ಮೇಲೆ ಅದನ್ನು ಮೊದಲಿನ ಜಾಗದಲ್ಲಿಯೇ ಇಟ್ಟುಬಿಟ್ಟೆ.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ ಹೊರಟಿದ್ದ ಶಂಕರ್ ನಾಗ್ ಅವರು ದಾವಣಗೆರೆಯ ಹತ್ತಿರದ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರಿಗೆ ಮೂವತ್ತಾರು ಇನ್ನೂ ತುಂಬಿರಲಿಲ್ಲ. ಸುದ್ದಿ ಹಬ್ಬಿದೊಡನೆ ಬೀದಿಯ ಹುಡುಗರು ಅಂಗಡಿಯ ಮುಂದೆ ಸೇರಿ ‘ಮಾಲ್ಗುಡಿ’ ಹಾಕೆಂದರು. ಯಜಮಾನರು ಆ ಕ್ಯಾಸೆಟ್ಟನ್ನೇ ತೆಗೆದು ಹಾಕಿದರು. ಬಂದದ್ದು ಯಾರದೋ ಮದುವೆಯ ಓಲಗ.

ಅವರು ನನ್ನನ್ನೊಮ್ಮೆ ನೋಡಿದರು, ಬೈಯಲಿಲ್ಲ. ಟೇಪನ್ನು ಮುಂದಕ್ಕೆ ಓಡಿಸುತ್ತ ಹೋದರು. ಊಟದ ಪಂಕ್ತಿ ಮುಗಿಯಿತು, ಪರದೆಯ ಮೇಲೆ ಬಿಳಿಯ ಗೆರೆಗಳು ಹಾಯ್ದವು. ಆ ಬಳಿಕ ಒಂದು ಕಂತಿನ ಕೊನೆಯ ಐದಾರು ನಿಮಿಷ ಹಾಗೆಯೇ ಉಳಿದಿತ್ತು. ಹುಡುಗರು ಅದನ್ನೇ ನಿಂತು ನೋಡಿದರು. ಅವರು ಹೋದ ಮೇಲೆ ಯಜಮಾನರು ಕ್ಯಾಸೆಟ್ಟಿನ ಬೆನ್ನಿನ ಸೆಲೋಟೇಪನ್ನು ಉಗುರಿನಿಂದ ಕಿತ್ತು, ಅದನ್ನು ಮತ್ತೆ ಕಪಾಟಿನಲ್ಲಿಟ್ಟರು.