ಸೆರೆಮನೆಯಿಂದ ಅಧ್ಯಕ್ಷ ಪದವಿಗೆ ನಿಂತ ಕಾರ್ಮಿಕ: ಯೂಜೀನ್ ಡೆಬ್ಸ್

ಅಮೆರಿಕದ ಅಧ್ಯಕ್ಷರಾಗಿ ಬಾಳಿದವರ ಹೆಸರುಗಳನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ವಾಷಿಂಗ್ಟನ್, ಲಿಂಕನ್, ರೂಸ್‌ವೆಲ್ಟ್ ಇವರ ಚಿತ್ರಗಳನ್ನು ಕಾಣದವರೇ ವಿರಳ. ಆದರೆ ಆ ಪದವಿಗಾಗಿ ಐದು ಬಾರಿ ಸ್ಪರ್ಧಿಸಿ, ಐದು ಬಾರಿಯೂ ಸೋತು, ಕೊನೆಯ ಬಾರಿ ಕೈದಿಯಾಗಿ ಸೆರೆಮನೆಯೊಳಗಿದ್ದೇ ಒಂಬತ್ತು ಲಕ್ಷಕ್ಕೂ ಹೆಚ್ಚು ಮತಗಳನ್ನು ಪಡೆದ ಕಾರ್ಮಿಕ ನಾಯಕನೊಬ್ಬನಿದ್ದನೆಂಬುದು ಬಹುಮಂದಿಗೆ ತಿಳಿಯದು. ಆತನೇ ಯೂಜೀನ್ ವಿಕ್ಟರ್ ಡೆಬ್ಸ್. ದುಡಿಯುವವನು ತನ್ನ ಮತವನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆಗೆ ತಮ್ಮ ಇಡೀ ಬಾಳನ್ನೇ ಉತ್ತರವಾಗಿ ಸಲ್ಲಿಸಿದ ಅವರ ಚರಿತ್ರೆಯನ್ನು ವಾಚಕರು ಅರಿತಿರುವುದು ಒಳ್ಳೆಯದು.

ಬಾಲ್ಯ ಮತ್ತು ದುಡಿಮೆ

ಡೆಬ್ಸರು 1855ರ ನವೆಂಬರ್ 5ರಂದು ಇಂಡಿಯಾನಾ ಸಂಸ್ಥಾನದ ಟೆರೆ ಹೋಟ್ ಎಂಬ ಊರಿನಲ್ಲಿ ಜನಿಸಿದರು. ತಂದೆತಾಯಿಗಳು ಫ್ರಾನ್ಸಿನ ಆಲ್ಸೇಸ್ ಪ್ರಾಂತದಿಂದ ಬಂದು ನೆಲೆಸಿದವರು. ಸಣ್ಣದೊಂದು ದಿನಸಿ ಅಂಗಡಿಯನ್ನಿಟ್ಟುಕೊಂಡು ಸಂಸಾರ ಸಾಗಿಸುತ್ತಿದ್ದರು. ಸಾಹಿತ್ಯಪ್ರಿಯನಾದ ತಂದೆ, ಯೂಜೀನ್ ಸ್ಯೂ ಮತ್ತು ವಿಕ್ಟರ್ ಹ್ಯೂಗೋ ಎಂಬಿಬ್ಬರು ಫ್ರೆಂಚ್ ಲೇಖಕರ ಹೆಸರುಗಳನ್ನು ಕೂಡಿಸಿ ಮಗನಿಗೆ ಇಟ್ಟನು.

ಹದಿನಾಲ್ಕನೆಯ ವಯಸ್ಸಿಗೇ ಡೆಬ್ಸರ ಶಾಲೆ ಮುಗಿಯಿತು. ರೈಲ್ವೆಯ ಕಾರ್ಯಾಗಾರದಲ್ಲಿ ಗಾಡಿಗಳ ಜಿಡ್ಡನ್ನೂ ಹಳೆಯ ಬಣ್ಣವನ್ನೂ ಕೆರೆದು ತೆಗೆಯುವ ಕೆಲಸಕ್ಕೆ ದಿನಕ್ಕೆ ಅರ್ಧ ಡಾಲರು ಕೂಲಿ ದೊರೆಯುತ್ತಿತ್ತು. ಮುಂದೆ ಅವರು ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಫೈರ್‌ಮನ್ ಆದರು. ಆ ಕಾಲದ ರೈಲುಗಳಲ್ಲಿ ಕೈಕಾಲು ಕಳೆದುಕೊಳ್ಳುವವರಿಗೂ ಪ್ರಾಣ ಬಿಡುವವರಿಗೂ ಲೆಕ್ಕವಿರಲಿಲ್ಲ. ಕೆಲವು ವರ್ಷಗಳಲ್ಲಿ ಅವರು ರೈಲ್ವೆಯ ಕೆಲಸವನ್ನು ಬಿಟ್ಟು, ಊರಿನ ದೊಡ್ಡ ಸಗಟು ದಿನಸಿ ವ್ಯಾಪಾರದ ಮಳಿಗೆಯಲ್ಲಿ ಬಿಲ್ಲು ಬರೆಯುವ ಗುಮಾಸ್ತರಾದರು.

ಲೆಕ್ಕದ ಪುಸ್ತಕವನ್ನು ಹಿಡಿದರೂ ಅವರ ಮನಸ್ಸು ಹಳೆಯ ಸಂಗಾತಿಗಳನ್ನು ಬಿಡಲಿಲ್ಲ. 1875ರಲ್ಲಿ ಫೈರ್‌ಮನ್ನರ ಸಂಘದ ಶಾಖೆಯೊಂದು ಊರಿನಲ್ಲಿ ಹುಟ್ಟಿದಾಗ ಅದರ ಕಾರ್ಯದರ್ಶಿತ್ವವನ್ನು ವಹಿಸಿಕೊಂಡರು. ಐದು ವರ್ಷಗಳ ತರುವಾಯ ಆ ಸಂಘದ ರಾಷ್ಟ್ರೀಯ ಕಾರ್ಯದರ್ಶಿಯೂ ಅದರ ಪತ್ರಿಕೆಯ ಸಂಪಾದಕರೂ ಆದರು. ಊರಿನ ಜನರು ಅವರನ್ನು ಎರಡು ಬಾರಿ ನಗರದ ಕ್ಲಾರ್ಕ್ ಹುದ್ದೆಗೆ ಆರಿಸಿದರು. 1884ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಪರವಾಗಿ ಸಂಸ್ಥಾನದ ಶಾಸನಸಭೆಗೂ ಹೋದರು. ಗಾಯಗೊಂಡ ರೈಲ್ವೆ ಕೆಲಸಗಾರರಿಗೆ ಕಂಪನಿಯೇ ಪರಿಹಾರ ಕೊಡಬೇಕೆಂಬ ಮಸೂದೆಯನ್ನು ಅವರು ಬೆಂಬಲಿಸಿದರು; ಅದು ಸಭೆಯಲ್ಲಿ ಹಲ್ಲು ಕಿತ್ತ ಹಾವಾಯಿತು. ಇದರಿಂದ ಬೇಸತ್ತ ಡೆಬ್ಸರು ಮತ್ತೆ ಆ ಸ್ಥಾನಕ್ಕೆ ನಿಲ್ಲಲಿಲ್ಲ.

ಪುಲ್‌ಮನ್ ಮುಷ್ಕರ

ಫೈರ್‌ಮನ್ನರಿಗೊಂದು, ಡ್ರೈವರರಿಗೊಂದು, ಬ್ರೇಕ್‌ಮನ್ನರಿಗೊಂದು ಹೀಗೆ ಕಸುಬಿಗೊಂದು ಸಂಘವಿದ್ದರೆ, ಒಬ್ಬರು ಮುಷ್ಕರ ಹೂಡಿದಾಗ ಇನ್ನೊಬ್ಬರು ರೈಲು ಓಡಿಸುವರು ಎಂಬುದನ್ನು ಡೆಬ್ಸರು 1888ರ ಬರ್ಲಿಂಗ್ಟನ್ ಮುಷ್ಕರದ ಸೋಲಿನಲ್ಲಿ ಕಣ್ಣಾರೆ ಕಂಡರು. ಆದಕಾರಣ 1893ರಲ್ಲಿ ರೈಲ್ವೆಯ ಎಲ್ಲ ಕೆಲಸಗಾರರನ್ನೂ ಒಂದೇ ಸೂರಿನಡಿ ತರುವ ಅಮೆರಿಕನ್ ರೈಲ್ವೆ ಯೂನಿಯನ್ನನ್ನು ಕಟ್ಟಿದರು. ಮರುವರ್ಷ ಗ್ರೇಟ್ ನಾರ್ದರ್ನ್ ರೈಲ್ವೆಯ ಮೇಲೆ ನಡೆದ ಹದಿನೆಂಟು ದಿನಗಳ ಮುಷ್ಕರದಲ್ಲಿ ಯೂನಿಯನ್ ಗೆದ್ದಿತು. ಸದಸ್ಯರ ಸಂಖ್ಯೆ ಪ್ರವಾಹದಂತೆ ಏರಿತು.

ಅದೇ ವರ್ಷ ಪುಲ್‌ಮನ್ ಪ್ರಕರಣವು ತಲೆದೋರಿತು. ಮಲಗುವ ಅನುಕೂಲವಿರುವ ಐಷಾರಾಮಿ ರೈಲುಡಬ್ಬಿಗಳನ್ನು ತಯಾರಿಸುತ್ತಿದ್ದ ಈ ಕಂಪನಿಯು ಷಿಕಾಗೋ ಬಳಿ ತನ್ನದೇ ಆದ ಊರೊಂದನ್ನು ಕಟ್ಟಿತ್ತು. ಕೆಲಸವೂ ಕಂಪನಿಯದು, ಮನೆಯೂ ಕಂಪನಿಯದು. ವ್ಯಾಪಾರ ಕುಸಿದಾಗ ಸಂಬಳವನ್ನು ಸರಾಸರಿ ಕಾಲು ಪಾಲು ಕಡಿಮೆ ಮಾಡಿದರೂ ಬಾಡಿಗೆಯನ್ನು ಒಂದು ಕಾಸೂ ಇಳಿಸಲಿಲ್ಲ. ಬಾಡಿಗೆ ಕಳೆದು ಕೈಗೆ ಬರುತ್ತಿದ್ದುದು ಚಿಲ್ಲರೆ ಕಾಸು. ಪಾಲುದಾರರಿಗೆ ಮಾತ್ರ ಲಾಭಾಂಶ ತಪ್ಪಲಿಲ್ಲ. ಅನ್ನ ಕೊಡುವ ಕೈಯೇ ಸೂರನ್ನೂ ಕೊಟ್ಟಾಗ ಆಳಿನ ಬಾಯಿ ಎಷ್ಟು ಕಟ್ಟುತ್ತದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಅಹವಾಲು ಹೇಳಲು ಹೋದ ನಿಯೋಗದ ಮೂವರನ್ನು ಕೆಲಸದಿಂದ ತೆಗೆದುಹಾಕಿದ ಮೇಲೆ, ಮೇ 11ರಂದು ಮುಷ್ಕರ ಆರಂಭವಾಯಿತು. ಕಂಪನಿಯು ಪಂಚಾಯಿತಿಗೆ ಒಪ್ಪದಿರಲು, ಪುಲ್‌ಮನ್ ಡಬ್ಬಿಗಳಿರುವ ಯಾವ ರೈಲನ್ನೂ ಮುಟ್ಟುವುದಿಲ್ಲವೆಂದು ಜೂನ್ ಕೊನೆಯಲ್ಲಿ ಡೆಬ್ಸರ ಯೂನಿಯನ್ ತೀರ್ಮಾನಿಸಿತು. ಲಕ್ಷಕ್ಕೂ ಮಿಕ್ಕಿದ ಕೆಲಸಗಾರರು ಕೈಕಟ್ಟಿ ನಿಂತರು.

ಆಗ ಅಧ್ಯಕ್ಷರಾಗಿದ್ದವರು ಗ್ರೋವರ್ ಕ್ಲೀವ್‌ಲೆಂಡ್, ಡೆಬ್ಸರದೇ ಡೆಮೊಕ್ರಾಟಿಕ್ ಪಕ್ಷದವರು. ಅವರ ಅಟಾರ್ನಿ ಜನರಲ್ ರಿಚರ್ಡ್ ಓಲ್ನಿ ಹಿಂದೆ ರೈಲ್ವೆ ಕಂಪನಿಗಳ ವಕೀಲರಾಗಿದ್ದವರು. ಅಂಚೆಗೆ ಅಡ್ಡಿಯಾಗುತ್ತಿದೆಯೆಂಬ ಕಾರಣವನ್ನೊಡ್ಡಿ ನ್ಯಾಯಾಲಯದಿಂದ ಪ್ರತಿಬಂಧಕಾಜ್ಞೆಯನ್ನು ತರಲಾಯಿತು. ಇಲಿನಾಯ್ ಸಂಸ್ಥಾನದ ಗವರ್ನರ್ ಆಲ್ಟ್‌ಗೆಲ್ಡ್ ಪ್ರತಿಭಟಿಸಿದರೂ ಕೇಳದೆ ಅಧ್ಯಕ್ಷರು ಸೈನ್ಯವನ್ನು ಕಳುಹಿಸಿದರು. ಗೋಲಿಬಾರಿನಲ್ಲಿ ಅನೇಕರು ಮಡಿದರು. ಮುಷ್ಕರ ಮುರಿಯಿತು, ಯೂನಿಯನ್ ನುಚ್ಚುನೂರಾಯಿತು, ಡೆಬ್ಸರಿಗೆ ಆರು ತಿಂಗಳ ಸೆರೆಮನೆವಾಸವಾಯಿತು. ಬಳಿಕ ಅಧ್ಯಕ್ಷರೇ ನೇಮಿಸಿದ ವಿಚಾರಣಾ ಮಂಡಲಿಯು ಪುಲ್‌ಮನ್ ಕಂಪನಿಯ ನಡತೆಯನ್ನು ಖಂಡಿಸಿತು. ಆದರೆ ಅಷ್ಟರಲ್ಲಿ ಸತ್ತವರು ಸತ್ತಿದ್ದರು, ಕೆಲಸ ಕಳೆದುಕೊಂಡವರು ದಿಕ್ಕಾಪಾಲಾಗಿದ್ದರು.

ಈ ಸೋಲಿಗೆ ಹೊರಗಿನ ಕಾರಣಗಳಲ್ಲದೆ ಒಳಗಿನದೊಂದು ಕಳಂಕವೂ ಸೇರಿತ್ತು. ಯೂನಿಯನ್ನಿಗೆ ಕಪ್ಪು ಜನರನ್ನು ಸೇರಿಸಿಕೊಳ್ಳಬೇಕೆಂದು ಡೆಬ್ಸರು ವಾದಿಸಿದರೂ ಸಮ್ಮೇಳನದ ಪ್ರತಿನಿಧಿಗಳು ಅಲ್ಪ ಬಹುಮತದಿಂದ ಅದನ್ನು ತಿರಸ್ಕರಿಸಿದರು. ಪುಲ್‌ಮನ್ ಡಬ್ಬಿಗಳಲ್ಲಿ ಹಾಸಿಗೆ ಹಾಸುತ್ತ, ಬೂಟು ಒರೆಸುತ್ತ, ಪ್ರಯಾಣಿಕರು ಕೊಡುವ ಭಕ್ಷೀಸಿನ ಮೇಲೆ ಬದುಕುತ್ತಿದ್ದ ಸಾವಿರಾರು ಪೋರ್ಟರರು ಕಪ್ಪು ಜನರೇ ಆಗಿದ್ದರು. ತಮ್ಮನ್ನು ಹೊರಗಿಟ್ಟ ಸಂಘಕ್ಕೆ ಅವರು ಏಕೆ ತಲೆಬಾಗಬೇಕು?

ಸ್ವಂತ ಪಕ್ಷದ ದಾರಿ

ವುಡ್‌ಸ್ಟಾಕ್ ಊರಿನ ಸೆರೆಮನೆಯಲ್ಲಿ ಡೆಬ್ಸರು ಬಹಳವಾಗಿ ಓದಿದರು. 1895ರ ನವೆಂಬರಿನಲ್ಲಿ ಬಿಡುಗಡೆಯಾದಾಗ ಷಿಕಾಗೋದಲ್ಲಿ ಸುರಿಯುವ ಮಳೆಯಲ್ಲಿಯೂ ಲಕ್ಷಕ್ಕೂ ಹೆಚ್ಚು ಜನರು ಅವರನ್ನು ಎದುರುಗೊಂಡರು. ತಾವು ನಂಬಿದ ಪಕ್ಷದ ಅಧ್ಯಕ್ಷನೇ ಸೈನ್ಯ ಕಳುಹಿಸಿದ ಮೇಲೆ ಆ ಪಕ್ಷದಲ್ಲಿ ಅವರಿಗೆ ಏನು ಉಳಿಯಿತು? 1897ರ ಜನವರಿಯಲ್ಲಿ ತಾವು ಸಮಾಜವಾದಿಯೆಂದು ಘೋಷಿಸಿದರು. 1900ರಲ್ಲಿ ಮೊದಲ ಬಾರಿ ಅಧ್ಯಕ್ಷ ಪದವಿಗೆ ನಿಂತಾಗ ದೊರೆತ ಮತಗಳು ಒಂದು ಲಕ್ಷವನ್ನೂ ಮುಟ್ಟಲಿಲ್ಲ. 1904ರಲ್ಲಿ ಅವು ನಾಲ್ಕು ಲಕ್ಷವಾದವು. 1908ರಲ್ಲಿ ಕೆಂಪು ರೈಲೆಂದು ಹೆಸರಾದ ವಿಶೇಷ ರೈಲಿನಲ್ಲಿ ದೇಶವನ್ನೆಲ್ಲ ಸುತ್ತಿದರು. ಮತಗಳು ಅಲ್ಪವೇ ಏರಿದವು.

1912ರ ಚುನಾವಣೆಯು ವಿಶೇಷವಾದುದು. ಪಕ್ಷದ ಉಮೇದುವಾರನನ್ನು ಮುಖಂಡರು ಮುಚ್ಚಿದ ಕೋಣೆಯಲ್ಲಿ ಆರಿಸುವ ಬದಲು ಸಾಮಾನ್ಯ ಮತದಾರರೇ ಸೂಚಿಸುವ ಪ್ರೈಮರಿ ಎಂಬ ಪದ್ಧತಿಯು ಆ ವರ್ಷ ಹನ್ನೆರಡಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ ನಡೆಯಿತು. ರಿಪಬ್ಲಿಕನ್ ಪಕ್ಷದ ಪ್ರೈಮರಿಗಳಲ್ಲಿ ಬಹುಪಾಲನ್ನು ಗೆದ್ದವರು ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್. ಆದರೆ ಪಕ್ಷದ ಸಮ್ಮೇಳನವು ಅಧಿಕಾರದಲ್ಲಿದ್ದ ಟಾಫ್ಟರನ್ನೇ ಆರಿಸಿತು. ಸಿಟ್ಟಿಗೆದ್ದ ರೂಸ್‌ವೆಲ್ಟರು ಹೊಸ ಪಕ್ಷ ಕಟ್ಟಿ, ಎಂಟು ಗಂಟೆಯ ದುಡಿಮೆ, ಸ್ತ್ರೀಯರಿಗೆ ಮತಾಧಿಕಾರ ಮುಂತಾದ, ಸಮಾಜವಾದಿಗಳು ಬಹುಕಾಲದಿಂದ ಕೇಳುತ್ತಿದ್ದ ಬೇಡಿಕೆಗಳನ್ನು ತಮ್ಮದಾಗಿಸಿಕೊಂಡರು. ಡೆಮೊಕ್ರಾಟರ ಪರವಾಗಿ ವುಡ್ರೋ ವಿಲ್ಸನ್ ನಿಂತರು.

ಕೆಲಸಗಾರನು ಕೆಟ್ಟವರಲ್ಲಿ ಕಡಿಮೆ ಕೆಟ್ಟವನಿಗೆ ಮತ ಕೊಡಬೇಕೇ, ಇಲ್ಲವೆ ಸೋಲುವುದು ಖಚಿತವಾದರೂ ತನ್ನವನಿಗೇ ಕೊಡಬೇಕೇ? ಬೇಡವಾದುದಕ್ಕೆ ಮತ ಕೊಟ್ಟು ಅದನ್ನೇ ಪಡೆಯುವುದಕ್ಕಿಂತ, ಬೇಕಾದುದಕ್ಕೆ ಮತ ಕೊಟ್ಟು ಸೋಲುವುದು ಲೇಸೆಂಬುದು ಡೆಬ್ಸರ ನಿಲುವು. ಒಂಬತ್ತು ಲಕ್ಷ ಮಂದಿ, ಅಂದರೆ ಮತ ಹಾಕಿದವರಲ್ಲಿ ನೂರಕ್ಕೆ ಆರು ಮಂದಿ, ಆ ನಿಲುವನ್ನು ಒಪ್ಪಿದರು. ಗೆದ್ದವರು ವಿಲ್ಸನ್. ನ್ಯಾಯವಾಗಿ ಹೇಳುವುದಾದರೆ, 1916ರಲ್ಲಿ ರೈಲ್ವೆ ನೌಕರರಿಗೆ ಎಂಟು ಗಂಟೆಯ ದಿನವನ್ನು ಕಾನೂನಿನಿಂದ ದೊರಕಿಸಿದವರೂ ವಿಲ್ಸನ್ನರೇ. ಅದೇ ವಿಲ್ಸನ್ನರ ಸರ್ಕಾರವು ಡೆಬ್ಸರನ್ನು ಸೆರೆಗೆ ತಳ್ಳಿತು.

ಕೈದಿ ಸಂಖ್ಯೆ 9653

1917ರಲ್ಲಿ ಅಮೆರಿಕವು ಮಹಾಯುದ್ಧಕ್ಕಿಳಿಯಿತು. ಯುದ್ಧವನ್ನು ವಿರೋಧಿಸಿ ಮಾತನಾಡುವುದೂ ಅಪರಾಧವಾಯಿತು. 1918ರ ಜೂನ್ 16ರಂದು ಓಹಾಯೋ ಸಂಸ್ಥಾನದ ಕ್ಯಾಂಟನ್ ನಗರದಲ್ಲಿ, ಸೆರೆಯಲ್ಲಿದ್ದ ಸಂಗಾತಿಗಳನ್ನು ಕಂಡುಬಂದ ಡೆಬ್ಸರು ಎದುರಿನ ಉದ್ಯಾನದಲ್ಲಿಯೇ ಭಾಷಣ ಮಾಡಿದರು. ಯುದ್ಧವನ್ನು ಸಾರುವವರು ಒಡೆಯರು, ಅದರಲ್ಲಿ ಸಾಯುವವರು ಬಡವರು ಎಂಬುದು ಅದರ ತಾತ್ಪರ್ಯ. ಎರಡು ವಾರಗಳಲ್ಲಿ ಬಂಧನವಾಯಿತು. ನ್ಯಾಯಾಲಯದಲ್ಲಿ ಅವರು ಸಾಕ್ಷಿಗಳನ್ನು ಕರೆಸಲಿಲ್ಲ. ಆಡಿದ ಮಾತನ್ನು ಅಲ್ಲಗಳೆಯಲೂ ಇಲ್ಲ. ಹತ್ತು ವರ್ಷಗಳ ಶಿಕ್ಷೆಯಾಯಿತು. 1919ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಅದನ್ನು ಎತ್ತಿಹಿಡಿಯಿತು. ಆಗ ಅವರಿಗೆ ಅರವತ್ತಮೂರು ವರ್ಷ.

ಅಟ್ಲಾಂಟಾ ಸೆರೆಮನೆಯ 9653ನೆಯ ಕೈದಿಯನ್ನು ಸಮಾಜವಾದಿ ಪಕ್ಷವು 1920ರಲ್ಲಿ ತನ್ನ ಉಮೇದುವಾರನನ್ನಾಗಿ ಆರಿಸಿತು. ಭಾಷಣವಿಲ್ಲ, ಮೆರವಣಿಗೆಯಿಲ್ಲ, ವಾರಕ್ಕೊಂದು ಕಿರುಹೇಳಿಕೆಗೆ ಮಾತ್ರ ಅಪ್ಪಣೆ. ಬೆಂಬಲಿಗರು ಕೈದಿಯ ಸಂಖ್ಯೆಯನ್ನೇ ಬಿಲ್ಲೆಗಳ ಮೇಲೆ ಮುದ್ರಿಸಿ ಎದೆಗೆ ಧರಿಸಿದರು. ಮತಗಳ ಸಂಖ್ಯೆ ಒಂಬತ್ತು ಲಕ್ಷವನ್ನು ಮೀರಿತಾದರೂ, ಸ್ತ್ರೀಯರಿಗೆ ದೇಶದಾದ್ಯಂತ ಮತಾಧಿಕಾರ ಬಂದು ಮತದಾರರು ಬಹಳ ಹೆಚ್ಚಿದ್ದುದರಿಂದ, ಪ್ರಮಾಣವು ನೂರಕ್ಕೆ ಮೂರೂವರೆಗಿಂತ ಕಡಿಮೆಯಾಗಿತ್ತು. ಪಕ್ಷವೂ ಹಿಂದಿನ ವರ್ಷವೇ ಒಡೆದಿತ್ತು.

ಯುದ್ಧ ಮುಗಿದು ಎರಡು ವರ್ಷಗಳಾದರೂ ವಿಲ್ಸನ್ನರು ಡೆಬ್ಸರನ್ನು ಬಿಡಲೊಪ್ಪಲಿಲ್ಲ. ಬಿಡುಗಡೆ ಮಾಡಿದವರು ಅವರ ತರುವಾಯ ಬಂದ ರಿಪಬ್ಲಿಕನ್ ಅಧ್ಯಕ್ಷ ಹಾರ್ಡಿಂಗ್. ಶ್ರೀಮಂತರ ಪಕ್ಷದವರೆಂದು ಸಮಾಜವಾದಿಗಳು ಟೀಕಿಸುತ್ತಿದ್ದ ಅವರು 1921ರ ಕ್ರಿಸ್‌ಮಸ್ ದಿನದಂದು ಜಾರಿಗೆ ಬರುವಂತೆ ಶಿಕ್ಷೆಯನ್ನು ಮೊಟಕುಗೊಳಿಸಿ, ಮರುದಿನ ಶ್ವೇತಭವನದಲ್ಲಿ ಡೆಬ್ಸರನ್ನು ಕಂಡು ಕೈಕುಲುಕಿದರು. ಅದು ಕ್ಷಮಾದಾನವಲ್ಲ, ಬಿಡುಗಡೆ ಮಾತ್ರ. ಸೆರೆಮನೆಯಿಂದ ಹೊರಡುವಾಗ ಸಾವಿರಾರು ಕೈದಿಗಳು ಕಂಬಿಗಳ ಹಿಂದಿನಿಂದ ಜಯಘೋಷ ಮಾಡಿದರು. ಡೆಬ್ಸರು ಹಿಂದಿರುಗಿ ನೋಡಿ ಕಣ್ಣೀರಿಟ್ಟರು.

ಕೊನೆಯ ದಿನಗಳು

ಸೆರೆಮನೆಯು ಅವರ ಆರೋಗ್ಯವನ್ನು ಕೆಡಿಸಿತ್ತು. 1924ರಲ್ಲಿ ಅವರು ನಿಲ್ಲಲಿಲ್ಲ. ಪ್ರೈಮರಿ ಪದ್ಧತಿಯ ಹರಿಕಾರರಲ್ಲೊಬ್ಬರಾದ ವಿಸ್ಕಾನ್ಸಿನ್ನಿನ ಲಾಫಾಲೆಟ್ ಸ್ವತಂತ್ರ ಪ್ರಗತಿವಾದಿಯಾಗಿ ನಿಂತಾಗ, ಅವರು ಸಮಾಜವಾದಿಯಲ್ಲದಿದ್ದರೂ ಡೆಬ್ಸರು ಬೆಂಬಲವಿತ್ತರು. ಜೀವಮಾನವೆಲ್ಲ ಒಂಟಿದಾರಿ ಹಿಡಿದವರು ಕೊನೆಗೆ ಇತರರೊಡನೆ ಕೈಗೂಡಿಸಿದರು. ಇದು ಸೋಲೊಪ್ಪಿಕೊಂಡುದೋ ವಿವೇಕವೋ ಎಂಬ ವಾದ ಇನ್ನೂ ಮುಗಿದಿಲ್ಲ. 1926ರ ಅಕ್ಟೋಬರ್ 20ರಂದು ಎಪ್ಪತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಡೆಬ್ಸರು ಸತ್ತು ಹತ್ತು ವರ್ಷ ತುಂಬುವ ಮೊದಲೇ, 1935ರಲ್ಲಿ, ಫ್ರಾಂಕ್ಲಿನ್ ರೂಸ್‌ವೆಲ್ಟರ ಆಳ್ವಿಕೆಯಲ್ಲಿ ವೃದ್ಧಾಪ್ಯ ವೇತನವೂ ಸಂಘ ಕಟ್ಟುವ ಹಕ್ಕೂ ಕಾನೂನಾದವು. 1938ರಲ್ಲಿ ಕನಿಷ್ಠ ವೇತನವೂ ಬಾಲಕಾರ್ಮಿಕರ ಮೇಲಿನ ನಿರ್ಬಂಧವೂ ಬಂದವು. ಸೋತವನ ಬೇಡಿಕೆಗಳು ಗೆದ್ದವರ ಶಾಸನಗಳಾದವು. 2016 ಮತ್ತು 2020ರ ಡೆಮೊಕ್ರಾಟಿಕ್ ಪ್ರೈಮರಿಗಳಲ್ಲಿ ಸಮಾಜವಾದಿಯೆಂದು ಹೇಳಿಕೊಂಡೇ ಸ್ಪರ್ಧಿಸಿದ ಬರ್ನಿ ಸ್ಯಾಂಡರ್ಸ್, 1979ರಲ್ಲಿ ಡೆಬ್ಸರ ಜೀವನವನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ತಯಾರಿಸಿದವರು. ಅವರು ಡೆಬ್ಸರಂತೆ ಹೊರಗೆ ನಿಲ್ಲದೆ ದೊಡ್ಡ ಪಕ್ಷದ ಒಳಗಿನಿಂದಲೇ ದಾರಿ ಹುಡುಕಿದರು. ಎರಡು ಬಾರಿಯೂ ಉಮೇದುವಾರಿಕೆ ಕೈತಪ್ಪಿತು. ಒಳಗೆ ನಿಲ್ಲುವುದೋ ಹೊರಗೆ ನಿಲ್ಲುವುದೋ ಎಂಬ ಹಳೆಯ ಪ್ರಶ್ನೆ ಅಲ್ಲಿನ ಎಡಪಂಥೀಯರ ಮುಂದೆ ಹಾಗೆಯೇ ಉಳಿದಿದೆ.

ಟೆರೆ ಹೋಟಿನಲ್ಲಿ ಡೆಬ್ಸರ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಜಿಡ್ಡು ಕೆರೆಯುವ ಹುಡುಗನಾಗಿ, ಬಿಲ್ಲು ಬರೆಯುವ ಗುಮಾಸ್ತನಾಗಿ ಬಾಳನ್ನಾರಂಭಿಸಿದವರ ಹೊಸ್ತಿಲನ್ನು ಕಾಣಲು ಜನರು ಇಂದಿಗೂ ಬರುತ್ತಾರೆ.