ಜಾನೆಟ್ ಲೇನ್-ಕ್ಲೇಪನ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಮಸಾರಿ ನೆಲವೂ ಉಂಟು, ಎರೆ ನೆಲವೂ ಉಂಟು. ಒಂದು ಹೊಲದ ಪೈರು ಬಾಡಿ, ಬದುವಿನಾಚೆಯ ಪೈರು ನಳನಳಿಸುತ್ತಿದ್ದರೆ ಅನುಭವಿಯಾದ ರೈತನು ವಿಧಿಯನ್ನು ಹಳಿಯುತ್ತ ಕುಳಿತಿರುವುದಿಲ್ಲ. ಬೀಜ ಯಾವುದು, ಬಿತ್ತಿದ್ದು ಯಾವಾಗ, ಗೊಬ್ಬರ ಎಷ್ಟು ಎಂದು ಎರಡು ಹೊಲಗಳನ್ನೂ ಹೋಲಿಸಿ ನೋಡುತ್ತಾನೆ. ಮನುಷ್ಯರ ರೋಗದ ಕಾರಣವನ್ನು ಅರಸುವುದಕ್ಕೂ ಇಂತಹ ಹೋಲಿಕೆಯೇ ದಾರಿಯೆಂದು ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ ಅಗ್ರಗಣ್ಯರು.

ಜಾನೆಟ್ 1877ರಲ್ಲಿ ಲಿಂಕನ್‌ಷೈರ್ ಪ್ರಾಂತ್ಯದ ಬಾಸ್ಟನ್ ಪಟ್ಟಣದಲ್ಲಿ, ಅನುಕೂಲಸ್ಥ ಮನೆತನದಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ವೈದ್ಯವಿದ್ಯೆಯ ಬಾಗಿಲು ಪೂರ್ತಿಯಾಗಿ ತೆರೆದಿರದ ಕಾಲವದು. 1898ರಲ್ಲಿ ಅವರು ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯನ್ನು ಸೇರಿದರು. ಮುಂದೆ ವಿಜ್ಞಾನ, ವೈದ್ಯಶಾಸ್ತ್ರ ಎರಡರಲ್ಲಿಯೂ ಡಾಕ್ಟರ್ ಪದವಿ ಪಡೆದರು. ಖ್ಯಾತ ಶರೀರಶಾಸ್ತ್ರಜ್ಞ ಸ್ಟಾರ್ಲಿಂಗ್ ಅವರೊಡನೆ ಸ್ತನದ ಬೆಳವಣಿಗೆಯನ್ನು ಕುರಿತು ನಡೆಸಿದ ಸಂಶೋಧನೆಯು 1906ರಲ್ಲಿ ಪ್ರಕಟವಾಯಿತು.

ಆದರೆ ಅವರ ಪ್ರತಿಭೆ ಪ್ರಯೋಗಶಾಲೆಯ ಗೋಡೆಗಳೊಳಗೆ ನಿಲ್ಲಲಿಲ್ಲ. ತಾಯಿಯ ಹಾಲು ಕುಡಿದ ಶಿಶುಗಳ ತೂಕವನ್ನೂ ಕುದಿಸಿದ ಹಸುವಿನ ಹಾಲು ಕುಡಿದ ಶಿಶುಗಳ ತೂಕವನ್ನೂ ಹೋಲಿಸಿ 1912ರಲ್ಲಿ ಒಂದು ವರದಿಯನ್ನು ಸಿದ್ಧಪಡಿಸಿದರು. ತಾಯಿಯ ಹಾಲುಂಡ ಮಕ್ಕಳು ಹೆಚ್ಚು ಪುಷ್ಟರಾಗಿದ್ದರು. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಇದು ಕೇವಲ ಆಕಸ್ಮಿಕವೇ, ಮನೆಯ ಬಡತನದ ಫಲವೇ ಎಂಬುದನ್ನೂ ಪರೀಕ್ಷಿಸಿದರು. ಕಣ್ಣಿಗೆ ಕಂಡದ್ದನ್ನು ಕೂಡಲೇ ನಂಬದಿರುವುದು ಅವರ ಸ್ವಭಾವವಾಗಿತ್ತು.

ಆ ಕಾಲದಲ್ಲಿ ಸ್ತನ ಕ್ಯಾನ್ಸರ್ ಹೆಂಗಸರು ಬಾಯಿಬಿಟ್ಟು ಹೇಳಿಕೊಳ್ಳಲು ಅಂಜುತ್ತಿದ್ದ ರೋಗ. ಇಂಗ್ಲೆಂಡ್, ಹಾಲೆಂಡ್, ಇಟಲಿಗಳಲ್ಲಿ ಅದರಿಂದಾಗುವ ಸಾವಿನ ಪ್ರಮಾಣ ಒಂದೇ ಆಗಿರಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು? ಇಂಗ್ಲೆಂಡಿನ ಆರೋಗ್ಯ ಸಚಿವಾಲಯವು ವಿಚಾರಣೆಯ ಹೊಣೆಯನ್ನು ಜಾನೆಟ್ ಅವರಿಗೆ ಒಪ್ಪಿಸಿತು. ಅವರು ಈ ರೋಗವಿದ್ದ ಸುಮಾರು 500 ಮಹಿಳೆಯರನ್ನೂ ಈ ರೋಗವಿಲ್ಲದ ಸುಮಾರು 500 ಮಹಿಳೆಯರನ್ನೂ ಆಯ್ದುಕೊಂಡರು. ವಿವಾಹವಾದ ವಯಸ್ಸು, ಹೆತ್ತ ಮಕ್ಕಳ ಸಂಖ್ಯೆ, ಹಾಲೂಡಿದ ಅವಧಿ, ಮುಟ್ಟು ನಿಂತ ಕಾಲ ಮೊದಲಾದ ಒಂದೇ ಬಗೆಯ ಪ್ರಶ್ನೆಗಳನ್ನು ಎಲ್ಲರಿಗೂ ಕೇಳಿಸಿದರು. ತಡವಾಗಿ ಮದುವೆಯಾದವರು, ಕಡಿಮೆ ಮಕ್ಕಳನ್ನು ಹೆತ್ತವರು, ಕಡಿಮೆ ಕಾಲ ಹಾಲೂಡಿದವರು ರೋಗಿಗಳ ಗುಂಪಿನಲ್ಲಿ ಹೆಚ್ಚಾಗಿದ್ದರು. 1926ರಲ್ಲಿ ಹೊರಬಂದ ಈ ವರದಿಯು ಇಂದಿಗೂ ಇಂತಹ ಅಧ್ಯಯನಗಳಿಗೆ ಮೇಲ್ಪಂಕ್ತಿಯಾಗಿದೆ. ಬೇಗನೆ ಚಿಕಿತ್ಸೆ ಪಡೆದವರು ಹೆಚ್ಚು ಕಾಲ ಬದುಕುತ್ತಾರೆಂಬುದನ್ನು ಅವರ 1928ರ ವರದಿ ತೋರಿಸಿತು.

1929ರಲ್ಲಿ ಜಾನೆಟ್ ವಿವಾಹವಾದರು. ವಿವಾಹಿತ ಸ್ತ್ರೀಯರು ಸರ್ಕಾರಿ ಕೆಲಸದಲ್ಲಿ ಮುಂದುವರಿಯಬಾರದೆಂಬ ಕಟ್ಟಳೆ ಆಗ ಅಲ್ಲಿತ್ತು. ಐವತ್ತೆರಡರ ವಯಸ್ಸಿನಲ್ಲಿ, ಅನುಭವ ಹಣ್ಣಾಗಿದ್ದ ಹೊತ್ತಿನಲ್ಲಿ, ಅವರ ಸಂಶೋಧನೆ ನಿಂತುಹೋಯಿತು. ಮತ್ತೆ ಮೂವತ್ತೆಂಟು ವರ್ಷ ಬದುಕಿದ್ದು 1967ರಲ್ಲಿ ಅವರು ತೀರಿಕೊಂಡರು. ಲೋಕಕ್ಕೆ ಆದ ನಷ್ಟವನ್ನು ಅಳೆಯುವವರು ಯಾರು?

ಅವರು ಹಾಕಿದ ದಾರಿಯಲ್ಲಿ ಮುಂದಿನವರು ನಡೆದರು. ಒಬ್ಬೊಬ್ಬ ಮಹಿಳೆಗೂ ಈ ರೋಗ ತಗಲುವ ಸಂಭವವೆಷ್ಟೆಂದು ಎಣಿಸುವ ಗಣಿತವನ್ನು 1989ರಲ್ಲಿ ಅಮೆರಿಕದ ಗೇಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ರೂಪಿಸಿದರು. ಆದರೆ ಅದು ಅಲ್ಲಿನ ಬಿಳಿಯ ಮಹಿಳೆಯರ ಲೆಕ್ಕದಿಂದ ಹುಟ್ಟಿದ್ದು. ಎರೆಯಲ್ಲಿ ಕಲಿತ ಬೇಸಾಯವನ್ನು ಮಸಾರಿಯಲ್ಲಿ ಹಾಗೆಯೇ ನಡೆಸಲಾಗದು. ಪಾಶ್ಚಾತ್ಯರಿಗಿಂತ ನಮ್ಮ ದೇಶದ ಮಹಿಳೆಯರಲ್ಲಿ ಈ ರೋಗ ಸರಾಸರಿಯಲ್ಲಿ ಕಿರಿಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ನಮ್ಮವರ ಲೆಕ್ಕವನ್ನು ನಾವೇ ಇಡಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಲ್ಲಿ ಕ್ಯಾನ್ಸರ್ ನೋಂದಣಿ ಆರಂಭವಾದದ್ದು ಇದಕ್ಕಾಗಿಯೇ.

ಜಾನೆಟ್ ಅವರ ಲೆಕ್ಕ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ರೋಗಿಗಳ ಗುಂಪಿನಲ್ಲಿ ಹಲವು ಮಕ್ಕಳ ತಾಯಂದಿರೂ ಇದ್ದರು. ರೋಗವಿಲ್ಲದವರಲ್ಲಿ ಮಕ್ಕಳಿಲ್ಲದವರೂ ಇದ್ದರು. ಸಂಭವವೆಂದರೆ ತೀರ್ಪಲ್ಲ, ಎಚ್ಚರಿಕೆ. ಮನೆಯ ಹೆಂಗಸೊಬ್ಬಳು ಗಂಟೊಂದನ್ನು ಕಂಡಾಗ ನಾಚಿ ಮುಚ್ಚಿಡದೆ ವೈದ್ಯರಲ್ಲಿಗೆ ಹೋದರೆ, ಆ ಸಾವಿರ ಮಹಿಳೆಯರು ಅಂದು ಕೊಟ್ಟ ಉತ್ತರಗಳು ಸಾರ್ಥಕವಾಗುತ್ತವೆ.